ತಂಪು ಊರಿನ ಕಾರು ಘಾಟಿಯಲ್ಲಿ ಕುದಿಯುವುದೇಕೆ: ಹಳೆಯ ಗಾಡಿಯ ಕೂಲಿಂಗ್ ಭಾಗಗಳ ದೋಷ ಪತ್ತೆ ಮತ್ತು ಬದಲಾವಣೆ

ಮಡಿಕೇರಿಯಲ್ಲಿ ವರ್ಷವಿಡೀ ತಕರಾರಿಲ್ಲದೆ ಓಡಿದ ಹದಿನೈದು ವರ್ಷದ ಕಾರು ಏಪ್ರಿಲ್‌ನಲ್ಲಿ ಮದುವೆಗೆಂದು ಮಂಗಳೂರಿಗೆ ಇಳಿದು, ವಾಪಸು ಬರುವಾಗ ಸಂಪಾಜೆ ದಾಟಿ ದೇವರಕೊಲ್ಲಿಯ ಏರಿನಲ್ಲಿ ಬಾನೆಟ್ ತುಂಬ ಹಬೆ ಎಬ್ಬಿಸಿ ನಿಲ್ಲುತ್ತದೆ. 'ನಿನ್ನೆಯವರೆಗೆ ಚೆನ್ನಾಗಿಯೇ ಇತ್ತು' ಎನ್ನುತ್ತಾರೆ ಮಾಲೀಕರು. ಇರಲಿಲ್ಲ. ನಮ್ಮ ಊರಿನ ತಂಪು ಹವೆ ದೋಷವನ್ನು ಮುಚ್ಚಿಟ್ಟಿತ್ತು, ಅಷ್ಟೆ.

ಬೆಂಗಳೂರಿನ ಕಾರಿನ ರೇಡಿಯೇಟರ್ ಅರ್ಧ ಕಟ್ಟಿಕೊಂಡರೆ ಮೇ ತಿಂಗಳ ಬಿಸಿಲಿನ ಓಟದಲ್ಲೇ ತಾಪದ ಗೇಜಿನ ಮುಳ್ಳು ಏರಿ ವಿಷಯ ತಿಳಿಯುತ್ತದೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅದು ಮುಗಿದರೆ ಚಳಿ. ಅರ್ಧ ರೇಡಿಯೇಟರಿನಲ್ಲಿಯೂ ಕೆಲಸ ನಡೆಯುತ್ತದೆ, ಸೋತ ರೇಡಿಯೇಟರ್ ಮುಚ್ಚಳದಲ್ಲಿಯೂ ನಡೆಯುತ್ತದೆ. ಅದೇ ಗಾಡಿ ಕರಾವಳಿಯ ಸೆಕೆಯಲ್ಲಿ, ನಾಲ್ಕು ಜನ ಮತ್ತು ಡಿಕ್ಕಿ ತುಂಬ ಸಾಮಾನು ಹೊತ್ತು, ಸಂಪಾಜೆಯಿಂದ ಮಡಿಕೇರಿಗೆ ಸುಮಾರು ಸಾವಿರ ಮೀಟರ್ ಎತ್ತರವನ್ನು ಎರಡನೇ ಮೂರನೇ ಗೇರಿನಲ್ಲಿ ಹತ್ತುವಾಗ ಪರೀಕ್ಷೆಗೆ ಬೀಳುತ್ತದೆ. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟದ ಏರು ಇದೇ ಪರೀಕ್ಷೆ.

ಇನ್ನೊಂದು ವಿಚಾರ. ತೋಟದಿಂದ ಗೋಣಿಕೊಪ್ಪಕ್ಕೋ ಸೋಮವಾರಪೇಟೆಗೋ ಹೋಗಿ ಬರುವ ಗಾಡಿ ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಓಡೋಮೀಟರ್ ನೋಡಿದವರಿಗೆ ಗಾಡಿ ಇನ್ನೂ ಹೊಸದೆಂದೇ ತೋರುತ್ತದೆ. ಆದರೆ ರಬ್ಬರ್, ಪ್ಲಾಸ್ಟಿಕ್ ಮತ್ತು ಇಂಜಿನ್ ತಂಪಿಡಲು ನೀರಿಗೆ ಬೆರೆಸುವ ದ್ರವವಾದ ಕೂಲಂಟ್‌ಗೆ ಕಿಲೋಮೀಟರ್ ಲೆಕ್ಕ ಗೊತ್ತಿಲ್ಲ. ಶೆಡ್ಡಿನಲ್ಲಿ ನಿಂತಿದ್ದರೂ ಅವು ಮುಪ್ಪಾಗುತ್ತವೆ. ಹಾಗಾಗಿ ಈ ಬರಹದಲ್ಲಿ ಬದಲಾವಣೆಯ ಅವಧಿಯನ್ನು ಹೆಚ್ಚಾಗಿ ವರ್ಷಗಳಲ್ಲೇ ಹೇಳಿದ್ದೇನೆ.

ಯಾವಾಗ ಬಿಸಿಯಾಗುತ್ತದೆ?

ಗ್ಯಾರೇಜಿಗೆ ಹೋಗಿ 'ಗಾಡಿ ಹೀಟ್ ಆಗುತ್ತಿದೆ' ಎಂದರೆ ಸಾಲದು. ಯಾವ ಹೊತ್ತಿನಲ್ಲಿ, ಯಾವ ಓಟದಲ್ಲಿ ಬಿಸಿಯಾಯಿತು ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ.

ನಿಂತಾಗ ಮುಳ್ಳು ಏರಿ, ಓಡಲು ಶುರುವಾದ ಮೇಲೆ ಇಳಿದರೆ ಅದು ಗಾಳಿಯ ಕೊರತೆ. ಫ್ಯಾನ್, ಅದರ ಸ್ವಿಚ್ಚು, ರಿಲೇ, ಫ್ಯೂಸು, ಇವುಗಳನ್ನು ನೋಡಬೇಕು. ವಾರಾಂತ್ಯದಲ್ಲಿ ಪ್ರವಾಸಿಗರ ಗಾಡಿಗಳ ಸಾಲಿನ ಹಿಂದೆ ತೆವಳುವಾಗ ಮಾತ್ರ ಬಿಸಿಯಾಗುವ ಕಾರಿಗೆ ರೇಡಿಯೇಟರ್ ಬದಲಿಸಿ ದುಡ್ಡು ಕಳೆಯಬೇಡಿ.

ಇದಕ್ಕೆ ತದ್ವಿರುದ್ಧವಾಗಿ, ನಿಂತಾಗ ಸರಿಯಿದ್ದು ಏರಿನಲ್ಲಿ ಅಥವಾ ವೇಗದಲ್ಲಿ ಬಿಸಿಯಾದರೆ ನೀರಿನ ಹರಿವು ಸಾಲುತ್ತಿಲ್ಲ. ಒಳಗೆ ಕಟ್ಟಿಕೊಂಡ ರೇಡಿಯೇಟರ್, ಪೂರ್ತಿ ತೆರೆಯದ ಥರ್ಮೋಸ್ಟಾಟ್ (ತಾಪಕ್ಕೆ ತಕ್ಕಂತೆ ನೀರಿನ ದಾರಿ ತೆರೆದು ಮುಚ್ಚುವ ಕವಾಟ), ರೆಕ್ಕೆ ಸವೆದ ವಾಟರ್ ಪಂಪ್, ಇಂಜಿನ್ ವೇಗ ಹೆಚ್ಚಾದಾಗ ಒಳಮುಖವಾಗಿ ಚಪ್ಪಟೆಯಾಗುವ ರೇಡಿಯೇಟರಿನ ಕೆಳಗಿನ ರಬ್ಬರ್ ಹೋಸ್, ಹೆಚ್ಚಾಗಿ ಈ ನಾಲ್ಕರಲ್ಲಿ ಒಂದು ಇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ನಾಲ್ಕೈದು ನಿಮಿಷದಲ್ಲೇ ಬಿಸಿಯಾದರೆ ನೀರು ಕಡಿಮೆಯಾಗಿದೆ, ಅಥವಾ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕುಳಿತಿದೆ, ಇಲ್ಲವೇ ಒಳಗೆ ಗಾಳಿ ಸಿಕ್ಕಿಕೊಂಡಿದೆ.

ಗೇಜನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಬಹಳಷ್ಟು ಕಾರುಗಳಲ್ಲಿ ಒಳಗಿನ ತಾಪ ಹತ್ತಿಪ್ಪತ್ತು ಡಿಗ್ರಿ ಅತ್ತಿತ್ತ ಆದರೂ ಮುಳ್ಳು ನಡುವಿನಿಂದ ಅಲುಗದಂತೆ ಮಾಡಿಟ್ಟಿರುತ್ತಾರೆ. ಮುಳ್ಳು ಏರತೊಡಗುವ ಹೊತ್ತಿಗೆ ಪರಿಸ್ಥಿತಿ ಆಗಲೇ ಕೆಟ್ಟಿರುತ್ತದೆ. ಅದಕ್ಕಿಂತ ಅಪಾಯದ ಸಂಗತಿಯೂ ಒಂದಿದೆ. ನೀರು ಪೂರ್ತಿ ಸೋರಿಹೋದರೆ ಸೆನ್ಸರ್ ಬರೀ ಹಬೆಯಲ್ಲಿ ಉಳಿಯುತ್ತದೆ, ಆಗ ಏರಿದ್ದ ಮುಳ್ಳು ದಿಢೀರನೆ ಕೆಳಕ್ಕೆ ಬೀಳುವುದುಂಟು. 'ಅಬ್ಬ, ತಣ್ಣಗಾಯಿತು' ಎಂದು ಮುಂದೆ ಓಡಿಸಿದವರು ಆಮೇಲೆ ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿ ಇಳಿಸಬೇಕಾಗುತ್ತದೆ. ಏರಿನ ನಡುವೆ ಕಾರಣವಿಲ್ಲದೆ ಮುಳ್ಳು ಬಿದ್ದರೆ, ಹೀಟರ್ ಹಾಕಿ ನೋಡಿ. ತಣ್ಣನೆ ಗಾಳಿ ಬಂದರೆ ಒಳಗೆ ನೀರಿಲ್ಲ. ತಕ್ಷಣ ನಿಲ್ಲಿಸಿ.

ಮುಚ್ಚಳ: ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಅಲಕ್ಷ್ಯ

ರೇಡಿಯೇಟರ್ ಮುಚ್ಚಳದ ಬಗ್ಗೆ ಕೊಡಗಿನವರು ಬೇರೆಯವರಿಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕು. ಕಾರಣ ಎತ್ತರ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಪ್ರತಿ 300 ಮೀಟರ್ ಏರಿದಂತೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 1,150 ಮೀಟರ್ ಆಸುಪಾಸಿನ ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಗೇ ಕುದಿಯುತ್ತದೆ. ಅನೇಕ ಕಾರುಗಳಲ್ಲಿ ಎಲೆಕ್ಟ್ರಿಕ್ ಫ್ಯಾನ್ ತಿರುಗಲು ಶುರುವಾಗುವುದೇ ಇದರ ಹತ್ತಿರದಲ್ಲಿ ಅಥವಾ ಇನ್ನೂ ಮೇಲೆ. ಅಂದರೆ ಒತ್ತಡ ಹಿಡಿಯದ ಮುಚ್ಚಳ, ಒಳಗೆ ಬರೀ ನೀರು ಇದ್ದರೆ ಫ್ಯಾನ್ ಎಚ್ಚರವಾಗುವ ಮೊದಲೇ ರೇಡಿಯೇಟರ್ ಕುದಿಯಬಹುದು. ಆಗ ಫ್ಯಾನನ್ನು ದೂರಿ ಪ್ರಯೋಜನವಿಲ್ಲ.

ಮುಚ್ಚಳ ಮಾಡುವುದು ಪ್ರೆಷರ್ ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ. ಅದರ ಮೇಲೆ 0.9 ಅಥವಾ 1.1 ಎಂದು ಬರೆದಿರುತ್ತದೆ, ಅದು ಸ್ಪ್ರಿಂಗ್ ತಡೆದು ನಿಲ್ಲಿಸುವ ಒತ್ತಡ. 0.9ರ ಒಳ್ಳೆಯ ಮುಚ್ಚಳ ಇದ್ದರೆ ಮಡಿಕೇರಿಯಲ್ಲಿಯೂ ಬರೀ ನೀರು ಸುಮಾರು 115 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ, ಅರ್ಧಕ್ಕರ್ಧ ಕೂಲಂಟ್ ಇದ್ದರೆ ಅದಕ್ಕೂ ಮೇಲೆ. ಸ್ಪ್ರಿಂಗ್ ಸೋತರೆ ಈ ಇಪ್ಪತ್ತು ಡಿಗ್ರಿಯ ಅಂತರ ಕೈಬಿಟ್ಟು ಹೋಗುತ್ತದೆ.

ಮುಚ್ಚಳದಲ್ಲಿ ಎರಡು ಕವಾಟಗಳಿವೆ ಎಂಬುದು ಅನೇಕರಿಗೆ ತಿಳಿದಿಲ್ಲ. ದೊಡ್ಡ ಸ್ಪ್ರಿಂಗಿನದು ಒತ್ತಡ ಮೀರಿದಾಗ ನೀರನ್ನು ಪಕ್ಕದ ಪ್ಲಾಸ್ಟಿಕ್ ಬಾಟಲಿಗೆ ಬಿಡುತ್ತದೆ. ನಡುವಿನ ಪುಟ್ಟ ಬಿಲ್ಲೆ ಇಂಜಿನ್ ಆರಿದಾಗ ಅದೇ ನೀರನ್ನು ವಾಪಸು ಒಳಗೆ ಎಳೆದುಕೊಳ್ಳಲು ಬಿಡುತ್ತದೆ. ನಾಪೋಕ್ಲು ಕಡೆಯ ನೆಂಟರೊಬ್ಬರ ಮಾರುತಿ ಎಸ್ಟೀಮ್ ಕಾರು ಪ್ರತಿ ಸಲ ಘಾಟಿಯಲ್ಲಿ ಕುದಿಯುತ್ತಿತ್ತು. ಒಂದು ಗ್ಯಾರೇಜಿನವರು ರೇಡಿಯೇಟರ್ ಹೊಸದು ಹಾಕಿದರು, ಆಮೇಲೆ ಫ್ಯಾನ್ ಮೋಟಾರ್ ಹಾಕಿದರು. ಕುದಿಯುವುದು ನಿಲ್ಲಲಿಲ್ಲ. ಒಂದು ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿದ್ದಾಗ ಬಾನೆಟ್ ಎತ್ತಿದರೆ ಮೇಲಿನ ಹೋಸ್ ಯಾರೋ ತುಳಿದಂತೆ ಚಪ್ಪಟೆಯಾಗಿತ್ತು.

'ನೀರು ಕಡಿಮೆಯಿದೆ ಮಾವ' ಎಂದೆ.

'ಬಾಟಲಿ ತುಂಬಿಯೇ ಇದೆಯಲ್ಲ, ದಿನಾ ನೋಡುತ್ತೇನೆ.'

'ಬಾಟಲಿ ಬಿಡಿ, ಮುಚ್ಚಳ ತೆಗೆದು ಒಳಗೆ ನೋಡಿ.'

ಮುಚ್ಚಳ ತಿರುಗಿಸಿದೊಡನೆ 'ಸುಯ್' ಎಂದು ಗಾಳಿ ಒಳಗೆ ಹೋಯಿತು, ಹೋಸ್ ಉಬ್ಬಿ ಮೊದಲಿನ ಆಕಾರಕ್ಕೆ ಬಂತು. ರೇಡಿಯೇಟರಿನೊಳಗೆ ಮೇಲಿನ ನಾಲ್ಕು ಬೆರಳಿನಷ್ಟು ಖಾಲಿ. ನಡುವಿನ ಬಿಲ್ಲೆ ತುಕ್ಕಿನ ಕೆಸರಿನಿಂದ ಅಂಟಿ ಕುಳಿತಿತ್ತು, ಉಗುರಿನಿಂದ ಎಳೆದರೂ ಅಲುಗಲಿಲ್ಲ. ಬಿಸಿಯಾದಾಗ ಹೊರಗೆ ಹೋದ ನೀರು ಮರಳಿ ಬರುತ್ತಿರಲಿಲ್ಲ, ಬಾಟಲಿ ಮಾತ್ರ ತುಂಬುತ್ತಾ ಬಂದಿತ್ತು. ಕೆಲವು ನೂರು ರೂಪಾಯಿಯ ಮುಚ್ಚಳ ಹಾಕಿದ ಮೇಲೆ ಕಾರು ಸುಮ್ಮನಾಯಿತು.

ಹಾಗಾಗಿ ಬಾಟಲಿಯ ಮಟ್ಟವೊಂದನ್ನೇ ನೋಡಿ ಸಮಾಧಾನಪಡಬೇಡಿ. ತಿಂಗಳಿಗೊಮ್ಮೆ, ತಣ್ಣಗಿದ್ದಾಗ ಮಾತ್ರ, ಮುಚ್ಚಳ ತೆಗೆದು ನೀರು ಕಂಠಮಟ್ಟ ಇದೆಯೇ ನೋಡಿ. ಕೆಳಗಿನ ರಬ್ಬರ್ ಉಂಗುರ ಬಿರಿದಿದ್ದರೆ, ಗಟ್ಟಿಯಾಗಿದ್ದರೆ, ಅದರಲ್ಲಿ ಕುತ್ತಿಗೆಯ ಅಂಚು ಆಳವಾಗಿ ಗೆರೆ ಕೊರೆದಿದ್ದರೆ ಬದಲಿಸಿ. ಯಾವುದೂ ಕಾಣದಿದ್ದರೂ ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸುವುದು ನನ್ನ ಪದ್ಧತಿ. ಮೊದಲಿದ್ದ ಅಂಕಿಯ ಮುಚ್ಚಳವನ್ನೇ ಹಾಕಿ. 0.9 ಇದ್ದಲ್ಲಿ 1.1 ಹಾಕಿದರೆ ಹಳೆಯ ಹೋಸ್ ಮೊದಲು ಒಡೆಯುತ್ತದೆ. ಅನೇಕ ಹೊಸ ಕಾರುಗಳಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇರುವುದಿಲ್ಲ, ಒತ್ತಡದ ಮುಚ್ಚಳ ಬಾಟಲಿಯ ಮೇಲೆಯೇ ಇರುತ್ತದೆ. ಅಲ್ಲಿ ಬಾಟಲಿಯೂ ಒತ್ತಡ ತಾಳಬೇಕು. ಬಾಟಲಿ ಹಳದಿಗಟ್ಟಿ, ಅಚ್ಚಿನ ಗೆರೆಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಅಂಟು ಹಚ್ಚದೆ ಹೊಸದನ್ನು ತನ್ನಿ.

ಹೋಸ್‌ಗಳನ್ನು ಹಿಸುಕಿ ನೋಡಿ

ಕಣ್ಣಿಗೆ ಚೆನ್ನಾಗಿ ಕಂಡ ಹೋಸ್ ಚೆನ್ನಾಗಿದೆ ಎಂದು ಅರ್ಥವಲ್ಲ. ಅದು ಹಾಳಾಗುವುದು ಒಳಗಿನಿಂದ, ಅದರಲ್ಲೂ ಕ್ಲಿಪ್ಪಿನಿಂದ ಒಂದೆರಡು ಇಂಚು ಈಚೆಗೆ. ತಣ್ಣಗಿದ್ದಾಗ ಹೆಬ್ಬೆರಳು ತೋರುಬೆರಳಿನ ನಡುವೆ ಮೊದಲು ನಡುಭಾಗವನ್ನು, ಆಮೇಲೆ ತುದಿಯನ್ನು ಹಿಸುಕಿ. ತುದಿ ನಡುವಿಗಿಂತ ಮೆತ್ತಗಿದ್ದು, ಒಳಗೆ ಏನೋ ಸೀಳಿದ ಅನುಭವ ಬೆರಳಿಗೆ ಬಂದರೆ ಆ ಹೋಸಿನ ಕಥೆ ಮುಗಿಯಿತು. ಕರಕರ ಸದ್ದು ಬಂದರೆ ರಬ್ಬರ್ ಒಣಗಿದೆ. ಇಂಜಿನ್ ಆಯಿಲ್ ತೊಟ್ಟಿಕ್ಕಿ ಉಬ್ಬಿದ್ದರೆ ಹೋಸ್ ಬದಲಿಸುವುದರ ಜೊತೆಗೆ ಆಯಿಲ್ ಎಲ್ಲಿಂದ ಬರುತ್ತಿದೆ ಎಂಬುದನ್ನೂ ಹುಡುಕಿ.

ಕೆಳಗಿನ ಹೋಸ್ ಕೈಗೆ ಎಟುಕುವುದಿಲ್ಲ ಎಂದು ಯಾರೂ ಮುಟ್ಟುವುದಿಲ್ಲ. ಆದರೆ ಪಂಪ್ ನೀರನ್ನು ಎಳೆದುಕೊಳ್ಳುವುದು ಅದರ ಮೂಲಕವೇ. ಕೆಲವದರ ಒಳಗೆ ಚಪ್ಪಟೆಯಾಗದಿರಲೆಂದು ಸ್ಪ್ರಿಂಗ್ ಇರುತ್ತದೆ, ಅದು ತುಕ್ಕು ಹಿಡಿದು ಕರಗಿದರೆ ಏರಿನಲ್ಲಿ ಹೋಸ್ ಹೀರಿಕೊಂಡು ಹರಿವು ನಿಲ್ಲುತ್ತದೆ. ಬಾನೆಟ್ ತೆರೆದು, ಬೆಲ್ಟಿನಿಂದ ದೂರ ನಿಂತು, ಬಿಸಿ ಇಂಜಿನ್ನಿನ ಆಕ್ಸಿಲರೇಟರ್ ಬೇರೆಯವರಿಂದ ಒತ್ತಿಸಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ.

ನೀರನ್ನು ರೇಡಿಯೇಟರಿಗೆ ಕಳಿಸದೆ ಇಂಜಿನ್ನಿಗೇ ತಿರುಗಿಸುವ ನಾಲ್ಕಿಂಚು ಉದ್ದದ ಬೈಪಾಸ್ ಹೋಸ್, ಹೀಟರಿಗೆ ಹೋಗುವ ಎರಡು ಸಣ್ಣ ಹೋಸ್, ಇವು ದೊಡ್ಡವುಗಳಷ್ಟೇ ಹಳೆಯವು. ಮೇಲಿನದನ್ನು ಮಾತ್ರ ಬದಲಿಸಿ ಮಿಕ್ಕಿದ್ದನ್ನು ಬಿಟ್ಟರೆ ಮುಂದಿನ ಸಲ ಒಡೆಯುವುದು ಆ ನಾಲ್ಕಿಂಚಿನದೇ. ಓಮ್ನಿಯಂಥ ಗಾಡಿಯಲ್ಲಿ ಇಂಜಿನ್ ಸೀಟಿನ ಕೆಳಗೆ, ರೇಡಿಯೇಟರ್ ಮುಂದೆ. ನಡುವಿನ ಉದ್ದದ ಪೈಪುಗಳು ನಮ್ಮ ಮಳೆಗೂ ಕೆಸರಿಗೂ ತುಕ್ಕು ಹಿಡಿದಿರುತ್ತವೆ, ಗಾಡಿಯ ಕೆಳಗೆ ನುಗ್ಗಿ ನೋಡದೆ ಗೊತ್ತಾಗುವುದಿಲ್ಲ.

ಆರರಿಂದ ಎಂಟು ವರ್ಷಕ್ಕೆ ಎಲ್ಲ ಹೋಸ್‌ಗಳನ್ನೂ ಒಂದೇ ಸಲ ಬದಲಿಸಿ, ಕ್ಲಿಪ್ಪುಗಳನ್ನೂ ಹೊಸದಾಗಿ ಹಾಕಿಸಿ. ಕಾರನ್ನು ತೋಟದ ಶೆಡ್ಡಿನಲ್ಲಿ ನಿಲ್ಲಿಸುವವರು ಇಲಿ ಹೆಗ್ಗಣದ ಹಲ್ಲಿನ ಗುರುತನ್ನೂ ಹುಡುಕಿ. ವೈರ್ ಕಡಿಯುವ ಇಲಿ ಹೋಸಿಗೂ ಬಾಯಿ ಹಾಕುತ್ತದೆ.

ಥರ್ಮೋಸ್ಟಾಟ್ ತೆಗೆದು ಬಿಸಾಡುವ ಚಾಳಿ

ಬಯಲುಸೀಮೆಯ ಕೆಲವು ಗ್ಯಾರೇಜುಗಳಲ್ಲಿ ಗಾಡಿ ಬಿಸಿಯಾಗುತ್ತದೆ ಎಂದರೆ ಥರ್ಮೋಸ್ಟಾಟ್ ಕಿತ್ತು 'ಇದು ನಮ್ಮ ದೇಶಕ್ಕೆ ಬೇಡ' ಎನ್ನುವ ಪದ್ಧತಿ ಇದೆ. ಸೆಕೆಂಡ್‌ಹ್ಯಾಂಡ್ ಕಾರು ಮೈಸೂರಿನಿಂದ ಬಂದಿದ್ದರೆ ಇದನ್ನು ಮೊದಲು ವಿಚಾರಿಸಿ. ಜುಲೈಯಲ್ಲಿ ಮಡಿಕೇರಿಯ ಗಾಳಿ ಹೊಡೆಯುವಾಗ ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಬಿಸಿಯೇ ಆಗುವುದಿಲ್ಲ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಹೀಟರ್ ಉಗುರುಬೆಚ್ಚಗೆ ಬರುತ್ತದೆ, ಇಂಜಿನ್ನಿನೊಳಗಿನ ತೇವ ಆವಿಯಾಗದೆ ಆಯಿಲ್ ಕೆಡುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಬಿಸಿಯಾಗುವ ದೋಷಕ್ಕೂ ಅದು ಮದ್ದಲ್ಲ. ಕೆಲವು ಇಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆಗೆದರೆ ಬೈಪಾಸ್ ದಾರಿ ತೆರೆದೇ ಉಳಿದು ಅರ್ಧ ನೀರು ರೇಡಿಯೇಟರಿಗೇ ಹೋಗುವುದಿಲ್ಲ.

ಪರೀಕ್ಷೆ ಸುಲಭ. ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿ ಮೇಲಿನ ಹೋಸಿನ ಮೇಲೆ ಕೈಯಿಡಿ. ಕೆಲವು ನಿಮಿಷ ತಣ್ಣಗಿದ್ದು, ಮುಳ್ಳು ನಡುವಿಗೆ ಬರುವ ಹೊತ್ತಿಗೆ ಒಮ್ಮೆಲೇ ಬಿಸಿಯಾದರೆ ಸರಿಯಿದೆ. ಮೊದಲಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಬಂದರೆ ಅದು ತೆರೆದೇ ಇದೆ ಅಥವಾ ಇಲ್ಲವೇ ಇಲ್ಲ. ಮುಳ್ಳು ಏರಿದರೂ ಹೋಸ್ ತಣ್ಣಗಿದ್ದರೆ ಮುಚ್ಚಿಕೊಂಡಿದೆ. ಈ ಲೆಕ್ಕ ಥರ್ಮೋಸ್ಟಾಟ್ ಇಂಜಿನ್ನಿನಿಂದ ನೀರು ಹೊರಬರುವ ಕಡೆ ಇರುವ ಗಾಡಿಗಳಿಗೆ. ಒಳಹೋಗುವ ಕಡೆ ಇದ್ದರೆ ಕೆಳಗಿನ ಹೋಸ್ ಮುಟ್ಟಿ ನೋಡಬೇಕು.

ಬಿಚ್ಚಿ ತೆಗೆದಿದ್ದರೆ ಅಡುಗೆಮನೆಯ ಹಳೆಯ ಪಾತ್ರೆಯಲ್ಲಿ ನೀರು ಕಾಯಿಸಿ, ದಾರಕ್ಕೆ ಕಟ್ಟಿ ಇಳಿಬಿಡಿ. ಮೈಮೇಲೆ 82 ಅಥವಾ 88 ಎಂದು ಅಚ್ಚು ಇರುತ್ತದೆ, ಅದು ತೆರೆಯಲು ಶುರುವಾಗುವ ತಾಪ. ಪೂರ್ತಿ ತೆರೆಯಲು ಅದಕ್ಕಿಂತ ಹತ್ತು ಹನ್ನೆರಡು ಡಿಗ್ರಿ ಹೆಚ್ಚು ಬೇಕು. ಮಡಿಕೇರಿಯಲ್ಲಿ ಪಾತ್ರೆಯ ನೀರು 96 ದಾಟುವುದಿಲ್ಲವಾದ್ದರಿಂದ 88ರ ಥರ್ಮೋಸ್ಟಾಟ್ ಇಲ್ಲಿ ಪೂರ್ತಿ ಬಾಯಿ ತೆರೆಯದಿರಬಹುದು. ಅದನ್ನೇ ದೋಷವೆಂದು ತಿಳಿದು ಒಳ್ಳೆಯದನ್ನು ಎಸೆಯಬೇಡಿ. ಸರಿಯಾದ ತಾಪಕ್ಕೆ ತೆರೆಯಲು ಶುರುವಾಗಿ, ಆರಿದಾಗ ಬಿಗಿಯಾಗಿ ಮುಚ್ಚಿಕೊಂಡರೆ ಸಾಕು. ಆದರೂ ಹತ್ತು ವರ್ಷದ ಗಾಡಿಯಲ್ಲಿ ಹೋಸ್ ಬದಲಿಸಲು ನೀರು ಖಾಲಿ ಮಾಡಿದ್ದರೆ, ಪರೀಕ್ಷೆಯ ಗೋಜಿಗೆ ಹೋಗದೆ ಹೊಸ ಥರ್ಮೋಸ್ಟಾಟನ್ನೂ ಹೊಸ ಗ್ಯಾಸ್ಕೆಟ್ಟನ್ನೂ ಹಾಕಿಬಿಡುವುದು ಲಾಭ.

ರೇಡಿಯೇಟರ್, ಫ್ಯಾನ್

ಮೊದಲು ಹೊರಗಿನ ಕೊಳೆ. ತೋಟದ ದಾರಿಯ ಕೆಂಪು ಮಣ್ಣು, ಒಣ ಎಲೆ, ಹುಳು, ಇವೆಲ್ಲ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವಿನ ಸಂದಿಯಲ್ಲಿ ಸೇರಿ ಚಾಪೆಯಾಗುತ್ತವೆ. ಗ್ರಿಲ್ಲಿನಿಂದ ಇಣುಕಿದರೆ ಕಂಡೆನ್ಸರ್ ಮಾತ್ರ ಕಾಣುತ್ತದೆ, ಅದರ ಹಿಂದಿನದು ಕಾಣುವುದಿಲ್ಲ. ಟಾರ್ಚನ್ನು ಇಂಜಿನ್ ಕಡೆಯಿಂದ ಹಿಡಿದು ಮುಂದಿನಿಂದ ನೋಡಿ, ಬೆಳಕು ಎಷ್ಟು ಭಾಗದಲ್ಲಿ ದಾಟುತ್ತಿದೆ ಎಂಬುದು ತಿಳಿಯುತ್ತದೆ. ಇಂಜಿನ್ ಕಡೆಯಿಂದ ಹೊರಮುಖವಾಗಿ ಸಾಧಾರಣ ಪೈಪಿನಿಂದ ನೀರು ಬಿಡಿ. ವಾಟರ್ ಸರ್ವೀಸಿನ ಜೋರು ಪಿಚಕಾರಿ ತಗುಲಿದರೆ ರೆಕ್ಕೆಗಳು ಮಡಚಿ, ಕೊಳೆಗಿಂತ ಹೆಚ್ಚು ಗಾಳಿಯನ್ನು ಅವೇ ತಡೆಯುತ್ತವೆ. ಗದ್ದೆಯ ನಾಟಿ ಮುಗಿದು ಕೊಡಗಿನ ಆಯುಧಪೂಜೆಯಾದ ಕೈಲ್‌ಪೊಳ್ದ್ ಹಬ್ಬಕ್ಕೆ ತೋಕು (ಕೋವಿ), ಕತ್ತಿ ತೊಳೆದಿಡುವ ದಿನಗಳಲ್ಲಿ ಇದನ್ನೂ ತೊಳೆದುಬಿಟ್ಟರೆ ವರ್ಷ ತಪ್ಪುವುದಿಲ್ಲ.

ಒಳಗೆ ಕಟ್ಟಿಕೊಂಡಿದೆಯೇ ಎಂದು ತಿಳಿಯಲು, ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಇಂಜಿನ್ ಆಫ್ ಮಾಡಿ, ಫ್ಯಾನ್ ಪೂರ್ತಿ ನಿಂತ ಮೇಲೆ, ಅದರ ವೈರ್ ಕಳಚಿ, ರೇಡಿಯೇಟರಿನ ಮೈಯನ್ನು ಅಂಗೈಯಿಂದ ಹತ್ತಿರ ಹತ್ತಿರ ನೋಡುತ್ತಾ ಬನ್ನಿ. ಕೈ ಸುಟ್ಟೀತು, ಜೋಪಾನ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಬಿಸಿ ಕ್ರಮವಾಗಿ ಇಳಿಯಬೇಕು. ನಡುವೆ ಅಲ್ಲಲ್ಲಿ ತಣ್ಣನೆಯ ಪಟ್ಟಿಗಳಿದ್ದರೆ ಅಲ್ಲಿನ ಕೊಳವೆಗಳಲ್ಲಿ ನೀರು ಓಡುತ್ತಿಲ್ಲ. ಈಗಿನ ರೇಡಿಯೇಟರ್‌ಗಳಿಗೆ ಅಲ್ಯೂಮಿನಿಯಂ ಮೈ, ಪ್ಲಾಸ್ಟಿಕ್ ತೊಟ್ಟಿ. ಎರಡೂ ಸೇರುವ ಅಂಚಿನಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ, ಹೋಸ್ ಕೂರುವ ಪ್ಲಾಸ್ಟಿಕ್ ಮೂತಿ ಕಂದು ಬಣ್ಣಕ್ಕೆ ತಿರುಗಿದ್ದರೆ ಕಾಯಬೇಡಿ. ಆ ಮೂತಿ ಒಂದು ದಿನ ಹೋಸಿನ ಸಮೇತ ಕಳಚಿ ಕೈಗೆ ಬರುತ್ತದೆ. ಹಳೆಯ ಜೀಪಿನ ತಾಮ್ರ ಹಿತ್ತಾಳೆಯ ರೇಡಿಯೇಟರ್ ಆದರೆ ಬೆಸುಗೆ ಹಾಕುವವರು ಸಿಕ್ಕರೆ ಉಳಿಸಿಕೊಳ್ಳಿ, ಅದು ಇನ್ನೂ ಹಲವು ವರ್ಷ ಬಾಳುತ್ತದೆ.

ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಮನೆಮದ್ದು ನಮ್ಮಲ್ಲಿ ಇನ್ನೂ ಚಾಲ್ತಿಯಲ್ಲಿದೆ. ರಾತ್ರಿ ಹೊತ್ತು ಮಾಕುಟ್ಟದ ಕಾಡಿನಲ್ಲಿ ಸಿಕ್ಕಿಕೊಂಡು ಮನೆ ಸೇರಬೇಕೆಂದರೆ ನನ್ನ ಆಕ್ಷೇಪವಿಲ್ಲ. ಆದರೆ ಪುಡಿ ತೂತನ್ನು ಮಾತ್ರ ಆರಿಸಿ ಮುಚ್ಚುವುದಿಲ್ಲ, ಹೀಟರಿನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ. ಅಂಗಡಿಯ ಸೋರಿಕೆ ನಿಲ್ಲಿಸುವ ಪುಡಿಗೂ ಇದೇ ಮಾತು.

ಫ್ಯಾನಿಗೆ ಒಂದೇ ಪರೀಕ್ಷೆ: ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದೊಡನೆ ಫ್ಯಾನ್ ತಿರುಗಬೇಕು. ಆಗ ರೇಡಿಯೇಟರಿನ ಫ್ಯಾನೇ ತಿರುಗಿ, ಬಿಸಿಯಾದಾಗ ಮಾತ್ರ ತಿರುಗದಿದ್ದರೆ ಮೋಟಾರ್ ಸರಿಯಿದೆ, ತಾಪದ ಸ್ವಿಚ್ಚು ಅಥವಾ ಸೆನ್ಸರ್ ಕೆಟ್ಟಿರಬಹುದು. ಬೆಲ್ಟಿನ ಫ್ಯಾನಿರುವ ಗಾಡಿಯಲ್ಲಿ ಬೆಲ್ಟಿನ ಬಿಗಿತ ಮತ್ತು ಬಿರುಕು ನೋಡಿ.

ವಾಟರ್ ಪಂಪ್

ಪಂಪಿನ ಹೊಟ್ಟೆಯ ಕೆಳಗೆ ಒಂದು ಪುಟ್ಟ ತೂತು ಇರುತ್ತದೆ. ಒಳಗಿನ ಸೀಲ್ ಸೋತರೆ ನೀರು ಅಲ್ಲಿಂದ ಬರಲೆಂದೇ ಅದನ್ನು ಇಟ್ಟಿರುತ್ತಾರೆ. ಅದರ ಕೆಳಗೆ ಒಣಗಿದ ಕೂಲಂಟ್ ಬಣ್ಣದ ಗೆರೆ ಇಳಿದಿದ್ದರೆ ಪಂಪ್ ನೋಟಿಸು ಕೊಟ್ಟಿದೆ ಎಂದೇ ಅರ್ಥ. ತೂತಿಗೆ ಅಂಟು ಮೆತ್ತಿ ಮುಚ್ಚಿದರೆ ನೀರು ಬೇರಿಂಗಿಗೆ ಹೋಗುತ್ತದೆ. ಬೆಲ್ಟ್ ಬಿಚ್ಚಿ ಪುಲ್ಲಿಯನ್ನು ಹಿಡಿದು ಅಲುಗಿಸಿದಾಗ ಆಟ ಕಂಡರೆ, ತಿರುಗಿಸುವಾಗ ಗರಗರ ಎಂದರೆ ಬದಲಿಸಿ. ಟೈಮಿಂಗ್ ಬೆಲ್ಟೇ ಪಂಪನ್ನು ತಿರುಗಿಸುವ ಇಂಜಿನ್ ಆದರೆ, ಬೆಲ್ಟ್ ಬದಲಿಸುವಾಗ ಪಂಪನ್ನೂ ಬದಲಿಸಿ. ಕೂಲಿಯಲ್ಲೇ ಅರ್ಧ ದುಡ್ಡು ಹೋಗುವ ಕೆಲಸವನ್ನು ಎರಡು ಸಲ ಮಾಡಿಸುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಸೋರಿಕೆ ಕಾಣದು, ನೀರು ಮಾತ್ರ ಕಡಿಮೆ

ಇದು ನಮ್ಮ ಮಳೆಗಾಲದಲ್ಲಿ ಹಿಡಿಯಲು ಕಷ್ಟವಾದ ದೋಷ. ನೆಲವೆಲ್ಲ ಒದ್ದೆ ಇರುವಾಗ ಗಾಡಿಯ ಕೆಳಗೆ ಬಿದ್ದ ಹನಿ ಯಾರಿಗೆ ಕಾಣುತ್ತದೆ? ರಾತ್ರಿ ಒಣ ಶೆಡ್ಡಿನಲ್ಲಿ ಕೆಳಗೆ ರಟ್ಟು ಹಾಸಿ ನಿಲ್ಲಿಸಿದರೆ ಬೆಳಿಗ್ಗೆ ಕಲೆ ಎಲ್ಲಿದೆ ಎಂದು ತಿಳಿಯುತ್ತದೆ.

ಡ್ಯಾಶ್‌ಬೋರ್ಡಿನೊಳಗಿನ ಪುಟ್ಟ ರೇಡಿಯೇಟರಿನಂಥ ಹೀಟರ್ ಕೋರ್ ಸೋರಿದರೆ ಗಾಜಿನ ಒಳಗೆ ಮಂಜು ಕಟ್ಟುತ್ತದೆ. ಕೊಡಗಿನಲ್ಲಿ ಆಗಸ್ಟ್‌ನಲ್ಲಿ ಗಾಜು ಮಂಜಾದರೆ ಅನುಮಾನಪಡುವವರು ಯಾರೂ ಇಲ್ಲ. ವ್ಯತ್ಯಾಸ ಹೀಗೆ: ಮಳೆಯ ಮಂಜನ್ನು ಒರೆಸಿದರೆ ಬರೀ ನೀರು, ಹೀಟರ್ ಹಾಕಿದರೆ ಹೋಗುತ್ತದೆ. ಕೂಲಂಟಿನ ಮಂಜನ್ನು ಒರೆಸಿದರೆ ಬೆರಳಿಗೆ ಜಿಡ್ಡು, ಹೀಟರ್ ಹಾಕಿದರೆ ಹೆಚ್ಚುತ್ತದೆ, ಸಿಹಿ ವಾಸನೆ ಬರುತ್ತದೆ. ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಎತ್ತಿ, ಡ್ಯಾಶ್‌ಬೋರ್ಡಿನ ಕಡೆಯ ತುದಿಯನ್ನು ಮುಟ್ಟಿ ನೋಡಿ.

ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗಿನ ಸೀಲ್) ಹೋಗಿದೆ ಎಂದು ತೀರ್ಪು ಕೊಡುವ ಮೊದಲು ನಿಧಾನಿಸಿ. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯ ಬಣ್ಣದ ಲೇಪ ಕಂಡ ಕೂಡಲೇ ಹೆಡ್ ಬಿಚ್ಚುವ ಗ್ಯಾರೇಜುಗಳಿವೆ. ಮಳೆಗಾಲದಲ್ಲಿ ನಿತ್ಯ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಬರೀ ತೇವದಿಂದಲೂ ಆ ಲೇಪ ಬರುತ್ತದೆ. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿ. ಕಡ್ಡಿಯ ಆಯಿಲ್ ಶುದ್ಧವಾಗಿದ್ದು, ಮಟ್ಟ ಏರದೆ, ಕೂಲಂಟ್ ಕಡಿಮೆಯಾಗದೆ ಇದ್ದರೆ ಕುಶಾಲನಗರದವರೆಗೆ ಒಮ್ಮೆ ಚೆನ್ನಾಗಿ ಓಡಿಸಿ ಬನ್ನಿ, ಲೇಪ ಕರಗುತ್ತದೆ. ನಿಜವಾದ ಗುರುತುಗಳು ಬೇರೆ: ರಾತ್ರಿಯಿಡೀ ನಿಂತ ಗಾಡಿಯ ಮೇಲಿನ ಹೋಸ್ ಬೆಳಿಗ್ಗೆಯೂ ಬಿಗಿಯಾಗಿ ಉಬ್ಬಿರುವುದು, ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಹೋಸ್ ಕಲ್ಲಿನಂತಾಗುವುದು, ಬಾಟಲಿಯಲ್ಲಿ ಗುಳ್ಳೆಗಳು ನಿಲ್ಲದೆ ಬರುವುದು, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ. ಖಚಿತಪಡಿಸಿಕೊಳ್ಳಲು ಒಂದು ನೀಲಿ ದ್ರವದ ಪರೀಕ್ಷೆ ಇದೆ. ರೇಡಿಯೇಟರಿನ ಬಾಯಿಗಿಟ್ಟು ಒಳಗಿನ ಗಾಳಿಯನ್ನು ದ್ರವದ ಮೂಲಕ ಎಳೆದಾಗ ದಹನದ ಅನಿಲವಿದ್ದರೆ ಬಣ್ಣ ಹಳದಿಗೆ ತಿರುಗುತ್ತದೆ. ಈ ಪರೀಕ್ಷೆ, ಅದರ ಜೊತೆಗೆ ಕೈಪಂಪಿನ ಪ್ರೆಷರ್ ಟೆಸ್ಟ್, ಇವೆರಡೂ ಇಲ್ಲದ ಗ್ಯಾರೇಜಿನಲ್ಲಿ ಹೆಡ್ ಇಳಿಸಲು ನಾನು ಒಪ್ಪುವುದಿಲ್ಲ.

ಘಾಟಿಯಲ್ಲೇ ಮುಳ್ಳು ಏರಿದರೆ

ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿ ಬಿಡಿ. ಬೆವರಿದರೂ ಚಿಂತೆಯಿಲ್ಲ, ಅದು ಎರಡನೇ ರೇಡಿಯೇಟರಿನ ಕೆಲಸ ಮಾಡುತ್ತದೆ. ಇಂಜಿನ್ ನರಳುವಂತೆ ಮೇಲಿನ ಗೇರಿನಲ್ಲಿ ಎಳೆಸದೆ ಒಂದು ಗೇರ್ ಇಳಿಸಿ, ಆಕ್ಸಿಲರೇಟರ್ ಹಗುರ ಮಾಡಿ. ಮುಳ್ಳು ಇಳಿಯದಿದ್ದರೆ, ಹಬೆ ಕಂಡರೆ, ತಿರುವಲ್ಲದ ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಕುಶಾಲನಗರ ಸುಂಟಿಕೊಪ್ಪ ನಡುವಿನ ಆನೆಕಾಡಿನಲ್ಲಿ ರಾತ್ರಿಯಾದರೆ ಗಾಡಿಯೊಳಗೇ ಕುಳಿತಿರಿ, ಇಂಜಿನ್ ಆರುವುದನ್ನು ಹೊರಗೆ ನಿಂತು ಕಾಯಬೇಡಿ.

ಮುಚ್ಚಳಕ್ಕೆ ಮುಕ್ಕಾಲು ಗಂಟೆ ಕೈ ಹಾಕಬೇಡಿ. ಒತ್ತಡದಲ್ಲಿರುವ ನೀರು ಮುಚ್ಚಳ ಸಡಿಲಾದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ರಸ್ತೆ ಬದಿಯ ಝರಿಯ ತಣ್ಣೀರನ್ನು ಕಾದ ಇಂಜಿನ್ನಿಗೆ ಸುರಿದರೆ ಹೆಡ್ ಬಿರುಕು ಬಿಡಬಹುದು. ಪೂರ್ತಿ ಆರಿದ ಮೇಲೆ ಮನೆ ಮುಟ್ಟುವಷ್ಟಕ್ಕೆ ಝರಿಯ ನೀರಾದರೂ ಆಗುತ್ತದೆ, ಆದರೆ ಆ ನೀರನ್ನು ಅಲ್ಲೇ ವರ್ಷಗಟ್ಟಲೆ ಬಿಡಬೇಡಿ.

ಒಂದೇ ಸಲಕ್ಕೆ ಏನೇನು?

ಹತ್ತು ವರ್ಷ ದಾಟಿದ ಗಾಡಿಯಲ್ಲಿ ಒಂದು ಹೋಸ್ ಒಡೆದರೆ ಅದರ ಒಡಹುಟ್ಟಿದವೆಲ್ಲ ಅದೇ ವಯಸ್ಸಿನವು. ಕೂಲಂಟ್ ಚೆಲ್ಲಿ, ಬಂಪರ್ ಬಿಚ್ಚಿ, ಕೂಲಿ ಕೊಟ್ಟಾಗಿದೆ. ಹಾಗಾಗಿ ಮುಚ್ಚಳ, ಎಲ್ಲ ಹೋಸ್, ಕ್ಲಿಪ್, ಥರ್ಮೋಸ್ಟಾಟ್, ಬೆಲ್ಟ್, ಹೊಸ ಕೂಲಂಟ್, ಇವಿಷ್ಟನ್ನು ಒಟ್ಟಿಗೆ ಮುಗಿಸಿ. ಪಂಪ್, ರೇಡಿಯೇಟರ್, ಫ್ಯಾನ್ ಮೋಟಾರ್ ದುಬಾರಿ. ಅವುಗಳನ್ನು ಮೇಲೆ ಹೇಳಿದ ಗುರುತು ಕಂಡರೆ ಮಾತ್ರ ಬದಲಿಸಿ, ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಬೇಡ. ಗುಜರಿಯಿಂದ ತಂದ ರೇಡಿಯೇಟರ್ ಹಾಕುವುದಕ್ಕಿಂತ ಇದ್ದದ್ದನ್ನು ತೊಳೆದು ಇಟ್ಟುಕೊಳ್ಳುವುದು ಮೇಲು. ಈ ಕೆಲಸಕ್ಕೆ ಒಳ್ಳೆಯ ಕಾಲ ಕಾಫಿ ಕೊಯ್ಲು ಮುಗಿದು ಸೆಕೆ ಏರುವ ಮೊದಲಿನ ದಿನಗಳು. ಕೈಯಲ್ಲಿ ದುಡ್ಡೂ ಇರುತ್ತದೆ, ಮದುವೆಗಳೂ ಮುಂದಿರುತ್ತವೆ.

'ಇಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ' ಎಂದು ಕೇಳುವವರಿದ್ದಾರೆ. ಹೆಪ್ಪುಗಟ್ಟದಿರುವುದು ಅದರ ಒಂದು ಗುಣ ಮಾತ್ರ. ನಮಗೆ ಬೇಕಾದದ್ದು ತುಕ್ಕು ತಡೆಯುವ ಗುಣ ಮತ್ತು ಕುದಿಯುವ ಮಟ್ಟವನ್ನು ಏರಿಸುವ ಗುಣ. ಗಟ್ಟಿ ಕೂಲಂಟ್ ಆದರೆ ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ. ಬೆರೆಸಿಯೇ ಮಾರುವ ಡಬ್ಬಿಯಾದರೆ ಮತ್ತೆ ನೀರು ಸೇರಿಸಬೇಡಿ. ಬಣ್ಣ ನೋಡಿ ಜಾತಿ ನಿರ್ಧರಿಸದೆ ಗಾಡಿಯ ಪುಸ್ತಕದಲ್ಲಿ ಹೇಳಿದ್ದನ್ನು ತನ್ನಿ, ಎರಡು ಬಗೆಯದನ್ನು ಬೆರೆಸಬೇಡಿ. ಹಳೆಯ ಬಗೆಯ ಕೂಲಂಟ್ ಎರಡು ವರ್ಷಕ್ಕೆ, ದೀರ್ಘಾವಧಿಯದು ಸಾಮಾನ್ಯವಾಗಿ ಐದು ವರ್ಷಕ್ಕೆ ಬದಲಾಗಬೇಕು. ತೆಗೆದ ಹಳೆಯದನ್ನು ಅಂಗಳದಲ್ಲಿ ತೆರೆದ ಬಕೆಟ್ಟಿನಲ್ಲಿ ಇಡಬೇಡಿ, ತೋಡಿಗೂ ಚೆಲ್ಲಬೇಡಿ. ಅದು ಸಿಹಿ ರುಚಿಯ ವಿಷ, ತೋಟದ ನಾಯಿಗಳು ನೆಕ್ಕಿ ಸಾಯುತ್ತವೆ.

ತುಂಬುವಾಗ ಗಾಡಿಯ ಮೂತಿ ಮೇಲಿರುವಂತೆ ಏರಿಗೆ ನಿಲ್ಲಿಸಿ. ಇಂಥ ಜಾಗಕ್ಕೆ ಕೊಡಗಿನಲ್ಲಿ ಬರವಿಲ್ಲ. ಹೀಟರ್ ಬಿಸಿಗಿಟ್ಟು, ಮುಚ್ಚಳ ತೆಗೆದಿಟ್ಟು, ತಣ್ಣನೆಯ ಇಂಜಿನ್ನನ್ನು ಸ್ಟಾರ್ಟ್ ಮಾಡಿ, ಮಟ್ಟ ಇಳಿದಂತೆ ನಿಧಾನವಾಗಿ ಸುರಿಯುತ್ತಾ ಗುಳ್ಳೆ ನಿಲ್ಲುವವರೆಗೆ ಓಡಲು ಬಿಡಿ. ನೀರು ಉಕ್ಕಿ ಬರುವ ಮೊದಲೇ ಮುಚ್ಚಳ ಹಾಕಿ. ಮರುದಿನ ಬೆಳಿಗ್ಗೆ ಮಟ್ಟ ನೋಡಿ ತುಂಬಿಸಿ, ಕ್ಲಿಪ್ಪುಗಳನ್ನು ಇನ್ನರ್ಧ ಸುತ್ತು ಬಿಗಿ ಮಾಡಿ. ಆಮೇಲೆ ಹಗಲಿನಲ್ಲಿ, ಜೊತೆಗೆ ಐದು ಲೀಟರ್ ನೀರಿಟ್ಟುಕೊಂಡು, ಮದುವೆಯ ದಿನ ಬರುವ ಮೊದಲೇ ಒಮ್ಮೆ ಸಂಪಾಜೆಗೆ ಇಳಿದು ಹತ್ತಿ ಬನ್ನಿ. ಮದೆನಾಡು ದಾಟುವವರೆಗೆ ಮುಳ್ಳು ಅಲುಗದೆ, ಮರುದಿನ ಬೆಳಿಗ್ಗೆ ರೇಡಿಯೇಟರಿನ ಮಟ್ಟ ಕಂಠದಲ್ಲೇ ಇದ್ದರೆ ಮಂಗಳೂರಿಗೆ ಹೊರಡಬಹುದು.